ಪಕ್ಕದ ಬಾಡಿಗೆ ಮನೆಯಲ್ಲಿ 26 ಜನ, ಒಂದು ಕಕ್ಕಸು, ಆಚೆ ನನ್ನ ಬಾವಿ. ಎಂತ ಮಾಡುವುದು?

ಬಾವಿಕಟ್ಟೆ (ಮಂಜೇಶ್ವರ ತಾಲೂಕು), ಜೂನ್ 19

ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಬೇಡಿ. ನಮ್ಮದು 14 ಸೆಂಟ್ಸ್ ಜಾಗ, ಅಪ್ಪ ಕಟ್ಟಿಸಿದ ಮನೆ. ಪಕ್ಕದ ಮನೆಯ ಅಜ್ಜಿ ತೀರಿಕೊಂಡು ಎರಡು ವರ್ಷ ಆಯಿತು, ಮಗ ಗಲ್ಫಿನಲ್ಲಿ. ಸುಮ್ನೆ ಗೆದ್ದಲು ಹಿಡಿಯುವ ಬದಲು ಬಾಡಿಗೆಗೆ ಕೊಡು ಮಾರಾಯ ಅಂತ ಅವನಿಗೆ ಹೇಳಿದವನೇ ನಾನು. ಈಗ ಯಾರ ಹತ್ತಿರ ಹೇಳಿಕೊಳ್ಳುವುದು.

ಅವನು ಮನೆಯನ್ನು ಒಬ್ಬ ಮಧ್ಯವರ್ತಿಗೆ ಒಟ್ಟಿಗೆ ವಹಿಸಿಬಿಟ್ಟ. ಮಧ್ಯವರ್ತಿ ಅದನ್ನು ತಲೆ ಲೆಕ್ಕದಲ್ಲಿ ಕಟ್ಟಡ ಕೆಲಸದವರಿಗೆ ಕೊಟ್ಟ. ಹೆದ್ದಾರಿ 66ರ ಆರು ಪಥದ ಕೆಲಸ ಶುರುವಾದ ಮೇಲೆ ನಮ್ಮ ಕಡೆ ಖಾಲಿ ಮನೆಗಳಿಗೆಲ್ಲ ಬೆಲೆ ಬಂತಲ್ಲ, ಹಾಗೆ. ಮೂರು ಕೋಣೆ, ಒಂದು ಚಾವಡಿ. ಮೊದಲು ಆರು ಜನ ಬಂದರು, ಏನೂ ತೊಂದರೆ ಇರಲಿಲ್ಲ. ಆಮೇಲೆ ಹನ್ನೆರಡು. ಈಗ ನಾನು ಎಣಿಸಿದ ಮಟ್ಟಿಗೆ 26.

ಬೆಳಿಗ್ಗೆ ನಾಲ್ಕಕ್ಕೆ ಪಂಪು ಶುರು. ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಫೋನು ಜೋರಾಗಿ ಹಾಡುತ್ತದೆ. ಪ್ಲಾಸ್ಟಿಕ್ಕನ್ನು ನಮ್ಮ ಕಾಂಪೌಂಡಿಗೆ ತಾಗಿಸಿ ಸುಡುತ್ತಾರೆ. ಇದನ್ನೆಲ್ಲ ಹೇಗೋ ಸಹಿಸಬಹುದು. ಆದರೆ ಮಳೆ ಹಿಡಿದ ಮೇಲೆ ಅವರ ಸೆಪ್ಟಿಕ್ ಟ್ಯಾಂಕ್ ತುಂಬಿ ಕಾಂಪೌಂಡಿನ ಕೆಂಪುಕಲ್ಲಿನ ಸಂದಿಯಿಂದ ಕಪ್ಪು ನೀರು ಈಚೆ ಬರುತ್ತಿದೆ. ಸೋಮವಾರ ಬಾವಿಯಿಂದ ಎಳೆದ ಕೊಡಕ್ಕೆ ಮೂಗು ಹತ್ತಿರ ಹಿಡಿದ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಕೊಡವನ್ನು ತೆಂಗಿನ ಬುಡಕ್ಕೆ ಹೊಯ್ದು ಒಳಗೆ ಹೋದಳು. ಆವತ್ತಿನಿಂದ ಕುಡಿಯಲು ಕ್ಯಾನ್ ನೀರು.

ಮಧ್ಯವರ್ತಿಗೆ ಫೋನ್ ಮಾಡಿದರೆ “ನಿಮಗೆ ಅಷ್ಟು ತೊಂದರೆ ಆದರೆ ನೀವೇ ಆ ಮನೆ ಬಾಡಿಗೆಗೆ ತಗೊಳ್ಳಿ” ಅಂದ. ಪಂಚಾಯತಿನಲ್ಲಿ ಬಾಯಲ್ಲಿ ಹೇಳಿದೆ. “ಪ್ರೈವೆಟ್ ಜಾಗ, ಬಾಡಿಗೆಗೆ ಕೊಡುವುದು ಅವರ ಹಕ್ಕು” ಅಂತ ಉತ್ತರ. ಬೆಂಗಳೂರಿನ ಭಾವ ಹೇಳುತ್ತಾರೆ, ವಸತಿ ಜೋನಿನಲ್ಲಿ ಹೀಗೆ ವ್ಯಾಪಾರ ಮಾಡುವ ಹಾಗಿಲ್ಲ, ಜೋನಿಂಗ್ ದೂರು ಕೊಡು ಅಂತ. ನಮ್ಮ ಹಳ್ಳಿಗೆ ಜೋನು ಅಂತ ಒಂದು ಉಂಟಾ? ಯಾರಿಗೆ ಕೊಡುವುದು? ಗೊತ್ತಿದ್ದವರು ಹೇಳಿ.

ಕಡಕ್ ಚಾಯ, ಜೂನ್ 19

ಇಷ್ಟೆಲ್ಲ ಕಾನೂನು ಯಾಕೆ. ನಾಲ್ಕು ಜನ ಸೇರಿ ರಾತ್ರಿ ಹೋಗಿ ಒಂದು ಸಲ ಗಟ್ಟಿ ಹೇಳಿದರೆ ಮರುದಿನ ಗಂಟುಮೂಟೆ ಕಟ್ಟುತ್ತಾರೆ. ಹೊರಗಿನಿಂದ ಬಂದವರಿಗೆ ನಾವೇ ಹೆದರಿ ಕೂತರೆ ಹೇಗೆ?

ಶಾರ್ಜಾ ರಿಟರ್ನ್, ಜೂನ್ 19

@ಕಡಕ್ ಚಾಯ, ಸ್ವಲ್ಪ ತಡೆಯಿರಿ. ನಾನು 9 ವರ್ಷ ಶಾರ್ಜಾದಲ್ಲಿ ಬೆಡ್‌ಸ್ಪೇಸಿನಲ್ಲಿ ಇದ್ದವನು. ಒಂದು ಕೋಣೆಗೆ ಎಂಟು ಜನ, ಮೂರಂತಸ್ತಿನ ಮಂಚ, ನನ್ನದು ಮೇಲಿನದ್ದು, ಏಸಿಯ ನೀರು ಕಾಲಿಗೆ ತೊಟ್ಟಿಕ್ಕುತ್ತಿತ್ತು. ಕಾಸರಗೋಡಿನಲ್ಲಿ ಯಾರ ಮನೆಯಲ್ಲಿ ಇಂಥ ಒಬ್ಬ ಇಲ್ಲ ಹೇಳಿ ನೋಡುವ. ಅಲ್ಲಿ ನಮ್ಮನ್ನು ಯಾರಾದರೂ ರಾತ್ರಿ ಬಂದು “ಗಟ್ಟಿ ಹೇಳಿದ್ದರೆ” ಹೇಗಿರುತ್ತಿತ್ತು? ತಪ್ಪು ಆ 26 ಜನರದ್ದಲ್ಲ. ಆರು ಜನ ಇರುವ ಮನೆಗೆ 26 ಜನರನ್ನು ತುಂಬಿದವನದ್ದು. ಮತ್ತೆ, ನಾಲ್ಕು ಜನ ರಾತ್ರಿ ಹೋದರೆ ಕೇಸು ಬೀಳುವುದು ಆ ನಾಲ್ಕು ಜನರ ಮೇಲೆ.

ಕಡಕ್ ಚಾಯ, ಜೂನ್ 19

ನಾನು ಹೊಡೆಯಲು ಹೇಳಲಿಲ್ಲ ಮಾರಾಯ್ರೆ.

ಹಳೇ ಗುಮಾಸ್ತ, ಜೂನ್ 20

ಪಂಚಾಯತು ಕಚೇರಿಯಲ್ಲೇ ತಲೆ ನರೆತವನು ನಾನು, ಈಗ ನಿವೃತ್ತ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಜೋನಿನ ಮಾತು ಬಿಡಿ. ಕೇರಳದಲ್ಲಿ ಜೋನ್ ಬರುವುದು ಮಾಸ್ಟರ್ ಪ್ಲಾನಿನಿಂದ, ಅದಕ್ಕೆ 2016ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆ ಇದೆ. ಪ್ಲಾನ್ ಪ್ರಕಟವಾದ ಕಡೆ ಮಾತ್ರ ಇದು ವಸತಿ, ಇದು ವಾಣಿಜ್ಯ ಅಂತ ಗೆರೆ ಇರುತ್ತದೆ. ಗೆರೆ ಇದ್ದರೂ ನಿಮಗೆ ಲಾಭ ಕಡಿಮೆ. ಮನೆಯನ್ನು ಬಾಡಿಗೆಗೆ ಕೊಟ್ಟರೂ ಅದು ವಾಸವೇ ಅಲ್ವಾ? ಜೋನ್ ದೂರು ಕೊಟ್ಟರೆ ಅವರು ಒಂದೇ ಸಾಲಿನಲ್ಲಿ ಉತ್ತರ ಬರೆದು ಫೈಲು ಮುಚ್ಚುತ್ತಾರೆ.

ನೀವು ಹಿಡಿಯಬೇಕಾದ ಶಬ್ದ ಆಕ್ಯುಪೆನ್ಸಿ, ಅಂದರೆ ಕಟ್ಟಡ ಯಾವ ಬಳಕೆಗೆ ಅನ್ನುವುದು. 2019ರ ಕೇರಳ ಪಂಚಾಯತು ಕಟ್ಟಡ ನಿಯಮ ಅಂತ ಇದೆ (ನಗರಸಭೆಗೆ ಬೇರೆ, ಅದೂ 2019ರದ್ದೇ). ಅದರಲ್ಲಿ ಪ್ರತಿ ಕಟ್ಟಡಕ್ಕೂ ಒಂದು ಗುಂಪು. ಸಾಮಾನ್ಯ ವಾಸದ ಮನೆ ಎ1. ಲಾಡ್ಜ್, ಹಾಸ್ಟೆಲ್, ಡಾರ್ಮಿಟರಿ ಇವೆಲ್ಲ ಎ2. ಅಂಗಡಿ, ಆಸ್ಪತ್ರೆ, ಗೋಡೌನಿಗೆ ಬೇರೆ ಬೇರೆ ಅಕ್ಷರ. ಒಂದು ಗುಂಪಿನಿಂದ ಇನ್ನೊಂದಕ್ಕೆ ಬದಲಾಯಿಸಲು ಪರ್ಮಿಟ್ ಬೇಕು. ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟರೆ ಎ1 ಹಾಗೇ ಉಳಿಯುತ್ತದೆ. ಒಬ್ಬೊಬ್ಬರಿಂದ ತಲೆಗಿಷ್ಟು ಅಂತ ತಗೊಂಡು, ಸಂಬಂಧವೇ ಇಲ್ಲದ 26 ಜನರನ್ನು ಮಲಗಿಸಿದರೆ ಅದು ಮನೆಯೋ ಲಾಡ್ಜೋ? ಇದು ನಿಮ್ಮ ಪ್ರಶ್ನೆ ಆಗಬೇಕು. ಅವರು ವಾಸದ ಮನೆಯೇ ಅಂತ ವಾದಿಸಬಹುದು, ವಾದಿಸಲಿ. ಎ2 ಅಂತ ಆದರೆ ಕಕ್ಕಸು ಎಷ್ಟು, ಪಾರ್ಕಿಂಗ್ ಎಷ್ಟು, ಬೆಂಕಿ ಬಿದ್ದರೆ ಹೊರಬರಲು ದಾರಿ ಯಾವುದು, ಎಲ್ಲ ಲೆಕ್ಕ ಶುರು. ತೆರಿಗೆ ದರವೂ ಬೇರೆ. ತೆರಿಗೆಯ ಮಾತು ಬಂದರೆ ಪಂಚಾಯತಿಗೂ ನಿದ್ದೆ ಬಿಡುತ್ತದೆ, ನಾನು ಒಳಗಿದ್ದವನು, ಗೊತ್ತು.

ಎರಡನೆಯದು ಟ್ಯಾಂಕ್. ಕುಡಿಯುವ ನೀರಿನ ಬಾವಿಯಿಂದ 7.5 ಮೀಟರಿನ ಒಳಗೆ ಸೆಪ್ಟಿಕ್ ಟ್ಯಾಂಕ್ ಆಗಲಿ ಇಂಗುಗುಂಡಿ ಆಗಲಿ ಇರಬಾರದು ಅಂತ ಅದೇ ನಿಯಮ ಹೇಳುತ್ತದೆ. ನಿಮ್ಮ ಬಾವಿಯಿಂದ ಅವರ ಟ್ಯಾಂಕಿಗೆ ಎಷ್ಟು ದೂರ? ಅಂದಾಜು ಬೇಡ, ಟೇಪು ಹಿಡಿದು ಅಳೆಯಿರಿ.

ಮೂರನೆಯದು ಆರೋಗ್ಯ. 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆ. ಅದಕ್ಕೆ ಮೊದಲು ನಮ್ಮ ಕಡೆ 1939ರ ಮದ್ರಾಸ್ ಕಾಯ್ದೆಯೇ ನಡೆಯುತ್ತಿತ್ತು. 1956ರಲ್ಲಿ ನಾವು ಕೇರಳಕ್ಕೆ ಬಂದೆವು, ಆದರೆ ಆರೋಗ್ಯದ ಕಾನೂನು ದಕ್ಷಿಣ ಕನ್ನಡ ಜಿಲ್ಲೆಯ ಕಾಲದ್ದೇ ಉಳಿದಿತ್ತು! ಈಗ ಹೆಲ್ತ್ ಇನ್‌ಸ್ಪೆಕ್ಟರ್ ಬಂದು ನೋಡಿ ವರದಿ ಬರೆಯಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಅರ್ಜಿ ಕೊಡಿ.

ಅರ್ಜಿಗಳನ್ನು ಬೇರೆ ಬೇರೆ ಬರೆಯಿರಿ. ಫೋನಿನ ಹಾಡು, ಕಪ್ಪು ನೀರು, ಪಂಪಿನ ಸದ್ದು ಎಲ್ಲ ಒಂದೇ ಕಾಗದದಲ್ಲಿ ಹಾಕಿದರೆ ಓದುವವನು ಫೋನಿನ ಹಾಡನ್ನು ಮಾತ್ರ ಓದುತ್ತಾನೆ, “ನೆರೆಕರೆ ಜಗಳ” ಅಂತ ಬರೆದು ಬದಿಗಿಡುತ್ತಾನೆ. ರಶೀದಿ ತಗೊಳ್ಳದೆ ಕೌಂಟರ್ ಬಿಡಬೇಡಿ.

ಇನ್ನೊಂದು ಮಾತು, ಇದು ಯಾರೂ ಹೇಳುವುದಿಲ್ಲ. ದೂರು ಕೊಟ್ಟರೆ ಟೇಪು ನಿಮ್ಮ ಜಾಗಕ್ಕೂ ಬರುತ್ತದೆ. ನಿಮ್ಮ ಶೆಡ್ಡು, ಹಟ್ಟಿ, ನಿಮ್ಮ ಟ್ಯಾಂಕ್ ಎಲ್ಲ ಮೊದಲು ನೋಡಿಕೊಳ್ಳಿ.

ಸುರಂಗದ ನೀರು, ಜೂನ್ 20

ಗುಮಾಸ್ತರ 7.5 ಮೀಟರ್ ಕಾಗದದಲ್ಲಿ ಸರಿ. ನಮ್ಮದು ಬಾಯಾರು ಕಡೆ, ಮನೆಗೆ ಸುರಂಗದ ನೀರು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ಮಾವನ ಅಪ್ಪನ ಕಾಲದ್ದು. ಅದರ ಮೇಲೆ, ಗುಡ್ಡದ ನೆತ್ತಿಯಲ್ಲಿ, ಒಬ್ಬರು ಬಾಡಿಗೆಗೆ ಅಂತ ನಾಲ್ಕು ಕೋಣೆ ಕಟ್ಟಿಸಿ ಹಿಂದೆ ಗುಂಡಿ ತೋಡಿದರು. ಅಳತೆ ತೆಗೆದರೆ 30 ಮೀಟರಿಗೂ ಜಾಸ್ತಿ. ನಿಯಮದ ಪ್ರಕಾರ ಏನೂ ತಪ್ಪಿಲ್ಲ. ಆದರೆ ಕೆಂಪುಕಲ್ಲಿನ ಒಳಗೆ ಎಲ್ಲಿ ಸಂದಿ ಉಂಟು, ನೀರು ಯಾವ ದಾರಿ ಹಿಡಿಯುತ್ತದೆ, ಯಾರಿಗೆ ಗೊತ್ತು? ಆ ವರ್ಷ ಆಟಿ ತಿಂಗಳ ಮಳೆಯಲ್ಲಿ ಸುರಂಗದ ಬಾಯಲ್ಲಿ ಸಾಬೂನಿನ ನೊರೆ ಬಂತು. ನನ್ನ ಚಿಕ್ಕ ಮಗಳು ಅದನ್ನು ನೋಡಿ ಖುಷಿಯಲ್ಲಿ ಕೈ ಹಾಕಿದಳು.

ನೀರನ್ನು ಪರೀಕ್ಷೆಗೆ ಕೊಡಿ ಅಣ್ಣ. ವಾಸನೆ ಅಂದರೆ ಯಾರೂ ನಂಬುವುದಿಲ್ಲ. ಲ್ಯಾಬಿನ ಕಾಗದ ಇದ್ದರೆ ನಂಬುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ 100 ಮಿಲಿಲೀಟರಿನಲ್ಲಿ ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಕಾಣಬಾರದು. ಜಲ ಪ್ರಾಧಿಕಾರದ ಲ್ಯಾಬಿನಲ್ಲಿ ಮಾಡುತ್ತಾರೆ. ಬಾಟಲಿ ಅಲ್ಲಿಂದಲೇ ತಗೊಳ್ಳಿ, ಮನೆಯ ಬಾಟಲಿಯಲ್ಲಿ ತಗೊಂಡು ಹೋಗಬೇಡಿ. ನಾವು ಹಾಗೆ ಮಾಡಿ ಒಂದು ವಾರ ಹಾಳಾಯಿತು.

ಹೊಸೂರು ಲೈನ್‌ಮನೆ, ಜೂನ್ 20

ನಾವು ತಮಿಳುನಾಡಿನ ಹೊಸೂರಿನ ಕನ್ನಡದವರು. ಇಲ್ಲಿ ಜೋನ್ ಉಂಟು ನೋಡಿ! ಪ್ರೈಮರಿ ರೆಸಿಡೆನ್ಷಿಯಲ್, ಮಿಕ್ಸೆಡ್ ರೆಸಿಡೆನ್ಷಿಯಲ್, ಎಲ್ಲ ಬಣ್ಣ ಬಣ್ಣದ ನಕ್ಷೆ. 2019ರಲ್ಲಿ ಕಾರ್ಪೊರೇಷನ್ ಕೂಡ ಆಯಿತು. ಆದರೂ ನಮ್ಮ ಬೀದಿಯಲ್ಲಿ ಫ್ಯಾಕ್ಟರಿ ಹುಡುಗರಿಗೆ ಅಂತ ಕಟ್ಟಿದ ಲೈನ್‌ಮನೆ ಸಾಲು ಸಾಲು. ಹತ್ತು ಅಡಿ ಕೋಣೆಗೆ ಐದು ಜನ, ಎರಡು ಶಿಫ್ಟು, ಒಂದೇ ಚಾಪೆ ತಣ್ಣಗಾಗುವುದೇ ಇಲ್ಲ. ದೂರು ಕೊಟ್ಟೆವು. ವಸತಿ ಜೋನಿನಲ್ಲಿ ವಸತಿ ಇದೆ, ಏನು ತಪ್ಪು ಅಂದರು. ಗುಮಾಸ್ತರು ಹೇಳಿದ್ದು ನೂರಕ್ಕೆ ನೂರು ನಿಜ. ಕಡೆಗೆ ನಮ್ಮ ಕಡೆ ಕೆಲಸ ಆಗಿದ್ದು ಚರಂಡಿಯ ವಿಷಯ ಹಿಡಿದಾಗ.

ಅಕ್ಕಲಕೋಟೆ ಮಂದಿ, ಜೂನ್ 20

ನಮ್ಮ ಮಹಾರಾಷ್ಟ್ರದ ಕಡೆ ಜೋನು ಕೇಳಿದರೆ ಗಾಂವಠಾಣ (ಊರಿನ ಹಳೇ ವಸತಿ ಜಾಗ) ಒಳಗೋ ಹೊರಗೋ ಅಂತ ತಿರುಗಿ ಕೇಳ್ತಾರೆ. ಒಳಗಾದರೆ ಕೇಳೋರಿಲ್ಲ, ಹೊರಗಾದರೆ ಹೇಳೋರಿಲ್ಲ.

ನಾಲ್ಕು ಬಾಡಿಗೆ ಮನೆ, ಜೂನ್ 21

ಎಲ್ಲರೂ ಮಾಲಕರಿಗೆ ಬೈಯುತ್ತಿದ್ದೀರಿ, ನನ್ನದೂ ಕೇಳಿ. ಕುಂಬಳೆ ಹತ್ತಿರ ನನ್ನ ನಾಲ್ಕು ಮನೆ ಬಾಡಿಗೆಗಿದೆ. ಒಂದರಲ್ಲಿ ಕೆಲಸದವರು ಇದ್ದಾರೆ, ಎಂಟು ಜನ, ಎಂಟರ ಮೇಲೆ ಒಂದು ತಲೆ ಬಿಡುವುದಿಲ್ಲ. ಅವರಲ್ಲಿ ಇಬ್ಬರು ನನ್ನ ಅಡಿಕೆ ಸುಲಿಯಲೂ ಬರುತ್ತಾರೆ. ಸಮಸ್ಯೆ ಬರುವುದು ಮಧ್ಯವರ್ತಿಗೆ ಒಟ್ಟಿಗೆ ಕೊಟ್ಟಾಗ. ಮಾಲಕನಿಗೆ ತಿಂಗಳಿಗೆ ಇಷ್ಟು ಬಂದರೆ ಸಾಕು, ಒಳಗೆ ಎಷ್ಟು ಜನ ಅಂತ ಅವನು ಕೇಳುವುದಿಲ್ಲ. ಮಧ್ಯವರ್ತಿಗೆ ತಲೆ ಜಾಸ್ತಿ ಆದಷ್ಟು ಲಾಭ.

ಬಾವಿಕಟ್ಟೆಯವರೇ, ಗಲ್ಫಿನ ಮಗನಿಗೆ ನೇರ ಹೇಳಿದ್ದೀರಾ? ಕರಾರು ಪತ್ರ ನೋಡಲು ಹೇಳಿ. ಹೆಚ್ಚಿನವರು 11 ತಿಂಗಳ ಕರಾರು ಮಾಡುವುದು ವರ್ಷ ದಾಟಿದರೆ ರಿಜಿಸ್ಟರ್ ಮಾಡಬೇಕಾಗುತ್ತದೆ ಅಂತ. ಅದರಲ್ಲಿ ಒಳಬಾಡಿಗೆ ಕೊಡಬಾರದು ಅಂತ ಒಂದು ಸಾಲು ಸಾಧಾರಣ ಇರುತ್ತದೆ. ಇದ್ದರೆ ಅವನ ಕೈಯಲ್ಲೇ ಕೀಲಿಕೈ. ನೆರೆಯವರು ಬಾಡಿಗೆದಾರರನ್ನು ಎಬ್ಬಿಸಲು ಆಗುವುದಿಲ್ಲ, ಅದು ಮಾಲಕ ಕೋರ್ಟಿನಲ್ಲಿ ಮಾಡುವ ಕೆಲಸ.

ಬಾವಿಕಟ್ಟೆ, ಜೂನ್ 21

ಹೇಳಿದೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಸಣ್ಣವನಿದ್ದಾಗ ನಮ್ಮ ಮಾವಿನ ಮರದಿಂದ ಬಿದ್ದು ಕೈ ಮುರಿದುಕೊಂಡವನು, ಅಪ್ಪ ಎತ್ತಿಕೊಂಡು ಓಡಿದ್ದರು.

ಬೇಕಲದ ಸೊಸೆ, ಜೂನ್ 22

ನಮ್ಮ ಪಕ್ಕದ್ದು ಬೇರೆ ಜಾತಿಯ ತಲೆನೋವು. ಹೊರಗೆ ಹೋಮ್‌ಸ್ಟೇ ಅಂತ ಬೋರ್ಡು, ಒಳಗೆ ಮಾಲಕನೇ ಇಲ್ಲ. ಶನಿವಾರ ರಾತ್ರಿ ಪಾರ್ಟಿ, ಸ್ಪೀಕರು, ಕಾರು ನಮ್ಮ ಗೇಟಿಗೆ ಅಡ್ಡ. ಟೂರಿಸಂ ಇಲಾಖೆಯ ವರ್ಗೀಕರಣದಲ್ಲಿ ಮಾಲಕ ಅದೇ ಮನೆಯಲ್ಲಿ ವಾಸ ಇರಬೇಕು, ಆರು ಕೋಣೆಯ ಒಳಗೆ ಇರಬೇಕು ಅಂತ ಉಂಟು. ಇದು ವರ್ಗೀಕರಣವೇ ಮಾಡಿಸಿಕೊಂಡಿಲ್ಲ. ಸ್ಪೀಕರಿಗೆ ಮಾತ್ರ ಪೊಲೀಸಿಗೆ ಫೋನ್ ಮಾಡಿ ಫಲ ಸಿಕ್ಕಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆಯಲ್ಲ, ಹಾಗೆ. ಉಳಿದದ್ದು ಹಾಗೇ ಇದೆ. ಸುಮ್ನೆ ನಿಮ್ಮ ಜೊತೆ ಅಳಲು ಬಂದೆ.

ಬಾವಿಕಟ್ಟೆ, ಜೂನ್ 27

ಅಪ್ಡೇಟ್. ಟೇಪು ಹಿಡಿದೆ. ಬಾವಿಯ ಕಟ್ಟೆಯಿಂದ ಅವರ ಟ್ಯಾಂಕಿನ ಅಂಚಿಗೆ 5.8 ಮೀಟರ್. ಎರಡು ಸಲ ಅಳೆದೆ, ಮಗನೂ ಅಳೆದ.

ಅಳೆಯಲು ಆಚೆ ಹೋಗಬೇಕಿತ್ತಲ್ಲ, ಮೊದಲ ಸಲ ಒಳಗೆ ಕಾಲಿಟ್ಟೆ. ಭಾನುವಾರ, ಹುಡುಗರು ಬಟ್ಟೆ ಒಗೆಯುತ್ತಿದ್ದರು. ನಾನು ಜಗಳಕ್ಕೆ ಬಂದೆ ಅಂತ ತಿಳಿದು ಇಬ್ಬರು ಒಳಗೆ ಸರಿದರು. ಒಬ್ಬ ಮುರ್ಷಿದಾಬಾದಿನವನು, ಸ್ವಲ್ಪ ಮಲಯಾಳ ಬರುತ್ತದೆ, ಅವನೇ ಟೇಪಿನ ಆ ತುದಿ ಹಿಡಿದ. ಕಕ್ಕಸಿನ ಬಾಗಿಲಿನ ಮೇಲೆ ಒಂದು ರಟ್ಟು ಅಂಟಿಸಿದ್ದರು, ಬಂಗಾಳಿ ಅಂಕಿಯಲ್ಲಿ ಪಟ್ಟಿ. ಏನದು ಅಂತ ಕೇಳಿದೆ. ಸರದಿ. ಬೆಳಿಗ್ಗೆ ಮೂರೂ ಮುಕ್ಕಾಲಿನಿಂದ ಒಬ್ಬೊಬ್ಬನಿಗೆ ಆರು ನಿಮಿಷ. ನಾಲ್ಕಕ್ಕೆ ಪಂಪು ಯಾಕೆ ಶುರುವಾಗುತ್ತದೆ ಅಂತ ಆಗ ಗೊತ್ತಾಯಿತು.

ತಲೆಗೆ ತಿಂಗಳಿಗೆ 1,800 ಕೊಡುತ್ತಾರಂತೆ. ಲೆಕ್ಕ ಹಾಕಿ ನೋಡಿ, 46,800. ಗಲ್ಫಿನ ಮಗನಿಗೆ ಹೋಗುವುದು 14,000 ಅಂತ ಅವನೇ ನನಗೆ ಮೊದಲು ಹೇಳಿದ್ದ. ಟ್ಯಾಂಕ್ ತುಂಬಿದ್ದನ್ನು ಈ ಹುಡುಗರೇ ಎರಡು ಸಲ ಮಧ್ಯವರ್ತಿಗೆ ಹೇಳಿದ್ದಾರೆ. “ಮಳೆ ನಿಲ್ಲಲಿ” ಅಂದನಂತೆ. ನಮ್ಮ ಕಡೆ ಮಳೆ ನಿಲ್ಲುವುದು ಯಾವಾಗ!

ಕಡಕ್ ಚಾಯ, ಜೂನ್ 27

46,800 ಆ? ನನ್ನ ಮನೆಯೂ ಖಾಲಿ ಉಂಟು. (ತಮಾಷೆ, ತಮಾಷೆ.)

ಕನ್ನಡ ಟೀಚರ್, ಜೂನ್ 28

ಅರ್ಜಿ ಕನ್ನಡದಲ್ಲೇ ಬರೆಯಿರಿ. “ಮಲಯಾಳದಲ್ಲಿ ತನ್ನಿ” ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೇರಳದ ಅಧಿಕೃತ ಭಾಷೆಯ ಕಾನೂನಿನಲ್ಲೇ ಭಾಷಾ ಅಲ್ಪಸಂಖ್ಯಾತ ಪ್ರದೇಶದ ತಮಿಳರು, ಕನ್ನಡಿಗರು ತಮ್ಮ ಭಾಷೆಯಲ್ಲಿ ಸರ್ಕಾರಿ ಕಚೇರಿಗೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಇದೆ. ಕಟ್ಟಡ ನಿಯಮದ ಶಬ್ದಗಳನ್ನು ಮಾತ್ರ ಹಾಗೇ ಇಡಿ. ಆಕ್ಯುಪೆನ್ಸಿಗೆ ಕನ್ನಡ ಹುಡುಕಿ ಹೊಸ ಶಬ್ದ ಕಟ್ಟಲು ಹೋದರೆ ಅವರಿಗೂ ಅರ್ಥ ಆಗುವುದಿಲ್ಲ, ನಿಮಗೂ ಆಗುವುದಿಲ್ಲ. ಬೇಕಾದರೆ ಕರಡು ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ. ಕೆಂಪು ಶಾಯಿ ಖಾಲಿ ಆಗಿಲ್ಲ.

ಹಳೇ ಗುಮಾಸ್ತ, ಜೂನ್ 28

5.8 ಸಾಕು. ಆದರೆ ಒಂದು ಪ್ರಶ್ನೆ, ಮೊದಲು ಬಾವಿಯೋ ಮೊದಲು ಟ್ಯಾಂಕೋ? ನಿಯಮ ಇರುವುದು ಮೊದಲೇ ಇದ್ದ ಬಾವಿಯ ಬಗ್ಗೆ. ಬಾವಿ ಅಪ್ಪನ ಕಾಲದ್ದಾದರೆ ನೀವು ಗೆದ್ದಿರಿ.

ಪಂಚಾಯತಿನ ಅರ್ಜಿಯಲ್ಲಿ ಸೆಕ್ರೆಟರಿಗೆ ಅಂತಲೇ ಬರೆಯಿರಿ, ಪ್ರೆಸಿಡೆಂಟಿಗೆ ಅಲ್ಲ. ನೋಟೀಸು ಕೊಡುವ ಅಧಿಕಾರ ಇರುವುದು ಸೆಕ್ರೆಟರಿಗೆ. 1994ರ ಪಂಚಾಯತ್ ರಾಜ್ ಕಾಯ್ದೆಯ 235ಡಬ್ಲ್ಯೂ ಅಂತ ಒಂದು ಕಲಂ ಇದೆ, ಅಕ್ರಮ ಕಟ್ಟಡ ಕೆಲಸವನ್ನು ನಿಲ್ಲಿಸಲು, ಕೆಡವಿಸಲು. ನಗರಸಭೆ ಆದರೆ ಅವರ ಕಾಯ್ದೆಯ 406. ಹಿಂದೆ ಶೀಟು ಹಾಕಿ ಕೋಣೆ ಏನಾದರೂ ಹೆಚ್ಚು ಕಟ್ಟಿದ್ದಾರಾ ನೋಡಿ, ಕಟ್ಟಿದ್ದರೆ ಈ ಕಲಂ ಕೆಲಸಕ್ಕೆ ಬರುತ್ತದೆ.

ಜೊತೆಗೇ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಎರಡೇ ಪ್ರಶ್ನೆ: ಆ ಮನೆ ನಂಬರಿನ ಕಟ್ಟಡ ಯಾವ ಗುಂಪಿನಲ್ಲಿದೆ, ಗುಂಪು ಬದಲಾವಣೆಗೆ ಪರ್ಮಿಟ್ ಕೊಟ್ಟಿದ್ದೀರಾ. 30 ದಿನದಲ್ಲಿ ಉತ್ತರ ಬರಬೇಕು. “ಪರ್ಮಿಟ್ ಕೊಟ್ಟಿಲ್ಲ” ಅಂತ ಅವರೇ ಬರೆದು ಕೊಟ್ಟ ಮೇಲೆ ಸುಮ್ಮನೆ ಕೂರುವುದು ಅವರಿಗೇ ಕಷ್ಟ.

ಅದಕ್ಕೂ ಆಗದಿದ್ದರೆ ಆರ್‌ಡಿಒ, ಅಂದರೆ ಕಂದಾಯ ವಿಭಾಗದ ಅಧಿಕಾರಿ. ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133 ಇತ್ತಲ್ಲ, ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152. ಸಾರ್ವಜನಿಕ ಉಪದ್ರವ ತೆಗೆಸುವ ಆದೇಶ. ಇದೇ ಕಲಮಿನಲ್ಲಿ ಮಧ್ಯಪ್ರದೇಶದ ರತ್ಲಾಮಿನ ಜನ ತಮ್ಮ ನಗರಸಭೆಯನ್ನು ಕೋರ್ಟಿಗೆ ಎಳೆದಿದ್ದರು, ಬೀದಿಯ ಚರಂಡಿಯ ಗಲೀಜಿಗೆ. ದುಡ್ಡಿಲ್ಲ ಅಂದಿತು ನಗರಸಭೆ. ದುಡ್ಡಿಲ್ಲ ಅನ್ನುವುದು ಉತ್ತರವೇ ಅಲ್ಲ ಅಂತ 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ನಿಮ್ಮದು ಸಾರ್ವಜನಿಕ ಅಂತ ತೋರಿಸಲು ನಿಮ್ಮ ಒಂದು ಬಾವಿ ಸಾಲದು, ಓಣಿಯ ನಾಲ್ಕು ಮನೆಯವರ ಸಹಿ ಬೇಕು.

ಬಾವಿಕಟ್ಟೆ, ಜೂನ್ 28

ಬಾವಿ ಅಪ್ಪನದ್ದೇ. ಕಟ್ಟೆಯ ಸಿಮೆಂಟಿನಲ್ಲಿ ಕಡ್ಡಿಯಲ್ಲಿ ಬರೆದ ಇಸವಿ ಉಂಟು, 1983. ಕಾಸರಗೋಡು ಜಿಲ್ಲೆಗಿಂತ ಒಂದು ವರ್ಷ ದೊಡ್ಡದು ನಮ್ಮ ಬಾವಿ! ಅವರ ಮನೆ ಆಮೇಲೆ ಕಟ್ಟಿದ್ದು.

ಸಹಿ ಮಾತ್ರ ಕಷ್ಟ. ಎದುರು ಮನೆಯವರು “ಅಜ್ಜಿಯ ಮಗನ ಮುಖ ನೋಡಬೇಕಲ್ಲ” ಅಂದರು. ಕೆಳಗಿನ ಮನೆಯವರು ಹಾಕಿದರು, ಅವರ ಬಾವಿಯೂ ಇಳಿಜಾರಿನಲ್ಲಿ ಇದೆ.

ಬಾವಿಕಟ್ಟೆ, ಜುಲೈ 9

ಲ್ಯಾಬಿನ ಕಾಗದ ಬಂತು. ಇ-ಕೋಲಿ ಇದೆ. ಓದಿದ ಮೇಲೆ ಹೊಟ್ಟೆ ಒಂಥರಾ ಆಯಿತು, ಮೂರು ವಾರದಿಂದ ಕುಡಿಯುತ್ತಿಲ್ಲ, ಆದರೂ. ಮೇ ತಿಂಗಳಲ್ಲಿ ಕುಡಿದದ್ದು ಎಂತದ್ದು ಅಂತ.

ಸುರಂಗದ ನೀರು, ಜುಲೈ 9

ಬ್ಲೀಚಿಂಗ್ ಪೌಡರ್ ಹಾಕಿ, ಆದರೆ ಕಣ್ಣಳತೆಯಲ್ಲಿ ಹಾಕಬೇಡಿ. ಹೀಗೆ ಕೆಟ್ಟ ನೀರಾದರೆ 1,000 ಲೀಟರಿಗೆ 5 ಗ್ರಾಂ, ಆಮೇಲೆ ಮಾಮೂಲಿಗೆ 2.5 ಗ್ರಾಂ ಅಂತ ಆರೋಗ್ಯ ಕಾರ್ಯಕರ್ತೆ ನಮಗೆ ಹೇಳಿಕೊಟ್ಟದ್ದು. ಲೀಟರ್ ಲೆಕ್ಕ ಹೀಗೆ: ಬಾವಿಯ ಅಡ್ಡಗಲದ ಅರ್ಧವನ್ನು ಮೀಟರಿನಲ್ಲಿ ತಗೊಂಡು ಅದರಿಂದಲೇ ಗುಣಿಸಿ, ಅದಕ್ಕೆ 3.14, ಆಮೇಲೆ ನೀರಿನ ಆಳ, ಆಮೇಲೆ 1,000. ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 19,600 ಲೀಟರ್. ಅಂದರೆ ಪೌಡರ್ 100 ಗ್ರಾಮಿನ ಹತ್ತಿರ. ಬಕೆಟಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಮೇಲಿನ ತಿಳಿಯನ್ನು ಮಾತ್ರ ಕೊಡಪಾನದಲ್ಲಿ ಇಳಿಸಿ ನೀರಿನ ಒಳಗೆ ಕುಲುಕಿ. ಒಂದು ಗಂಟೆ ಮುಟ್ಟಬೇಡಿ. ಆಚೆಯಿಂದ ಹರಿಯುವುದು ನಿಲ್ಲದೆ ಇದರಿಂದ ಬಾವಿ ಸರಿಯಾಗುವುದಿಲ್ಲ, ಪಾತ್ರೆ ತೊಳೆಯಲು ಧೈರ್ಯ ಬರುತ್ತದೆ ಅಷ್ಟೇ.

ಶಾರ್ಜಾ ರಿಟರ್ನ್, ಜುಲೈ 10

ಆ ಹುಡುಗರ ನೀರು ಎಲ್ಲಿಂದ?

ಬಾವಿಕಟ್ಟೆ, ಜುಲೈ 10

ಬೋರ್‌ವೆಲ್. ಪರೀಕ್ಷೆ ಮಾಡಿಸಿಲ್ಲ. ನೀವು ಕೇಳಿದ ಮೇಲೆ ಹೊಳೆಯಿತು, ಎರಡನೇ ಬಾಟಲಿಯೂ ತಂದಿದ್ದೇನೆ.

ಬಾವಿಕಟ್ಟೆ, ಆಗಸ್ಟ್ 6

ಹೆಲ್ತ್ ಇನ್‌ಸ್ಪೆಕ್ಟರ್ ಬಂದಿದ್ದರು, ಜೊತೆಗೆ ಪಂಚಾಯತಿನ ಓವರ್‌ಸಿಯರ್. ಟ್ಯಾಂಕಿನ ಮುಚ್ಚಳ ತೆಗೆಸಿದರು. ಐದಾರು ಜನರ ಮನೆಗೆ ಅಂತ ಕಟ್ಟಿದ ಟ್ಯಾಂಕ್, ಮೊಳಕಾಲಿನಷ್ಟು ಜಾಗವೂ ಖಾಲಿ ಇರಲಿಲ್ಲ. ಹಿಂದುಗಡೆ ಶೀಟಿನ ಎರಡು ಕೋಣೆ ಎಬ್ಬಿಸಿದ್ದರು, ನನಗೆ ಕಾಂಪೌಂಡಿನಿಂದ ಕಾಣುತ್ತಿರಲಿಲ್ಲ. ಅದೂ ಬರೆದುಕೊಂಡರು.

ಆಮೇಲೆ ಓವರ್‌ಸಿಯರ್ ನನ್ನ ಕಡೆ ತಿರುಗಿ “ನಿಮ್ಮ ಸೌದೆ ಕೊಟ್ಟಿಗೆ ಗಡಿಗೆ ತಾಗಿಯೇ ಉಂಟಲ್ಲ” ಅಂದ. ಗುಮಾಸ್ತರೇ, ನಿಮ್ಮ ಬಾಯಲ್ಲಿ ಎಂತ ಇದೆ! ಮಾತಿಲ್ಲದೆ ಒಪ್ಪಿಕೊಂಡೆ. ಕಳೆದ ವಾರ ಕೊಟ್ಟಿಗೆ ಬಿಚ್ಚಿದೆವು. ಹಂಚು ಇಳಿಸಲು ಆಚೆ ಮನೆಯ ಇಬ್ಬರು ಹುಡುಗರು ಬಂದರು, ಕೂಲಿ ಕೊಟ್ಟೆ, ಮಧ್ಯಾಹ್ನ ಊಟ ಹಾಕಿದೆವು. ನನ್ನ ಹೆಂಡತಿ ಅವರ ಹತ್ತಿರ ಪ್ಲಾಸ್ಟಿಕ್ ಸುಡಬೇಡಿ, ಹರಿತ ಕರ್ಮ ಸೇನೆಯವರು ತಿಂಗಳಿಗೆ 50 ರೂಪಾಯಿಗೆ ಬಂದು ತಗೊಂಡು ಹೋಗುತ್ತಾರೆ ಅಂತ ಹೇಳಿದಳು. ಅವರಿಗೆ ಹಾಗೊಂದು ಇದೆ ಅಂತಲೇ ಗೊತ್ತಿರಲಿಲ್ಲ, ಮಧ್ಯವರ್ತಿ ಮನೆಯ ಹೆಸರು ಕೊಟ್ಟಿಲ್ಲ. ಆವತ್ತಿನಿಂದ ಹೊಗೆ ಇಲ್ಲ. ಒಂದು ವರ್ಷ ನಾವು ಕಿಟಕಿ ಮುಚ್ಚಿ ಬೈಯುತ್ತಾ ಕೂತಿದ್ದೆವು.

ಮಾಹಿತಿ ಹಕ್ಕಿನ ಉತ್ತರವೂ ಬಂದಿದೆ. ಎ1. ಬದಲಾವಣೆಗೆ ಅರ್ಜಿಯೇ ಬಂದಿಲ್ಲ ಅಂತ. ಅದನ್ನು ಗ್ರಾಮಸಭೆಯಲ್ಲಿ ಓದಿದೆ. ವಾರ್ಡ್ ಮೆಂಬರ್ ಬರೆದುಕೊಂಡರು.

ಹಳೇ ಗುಮಾಸ್ತ, ಆಗಸ್ಟ್ 6

ಕೊಟ್ಟಿಗೆಯ ವಿಷಯಕ್ಕೆ ಬೇಸರ ಬೇಡ. ನಾನು ಸರ್ವಿಸಿನಲ್ಲಿದ್ದಾಗ ನನ್ನ ಮನೆಯ ಬಚ್ಚಲೇ ಗಡಿಗೆ ಹತ್ತಿರ ಇತ್ತು.

ಬಾವಿಕಟ್ಟೆ, ಸೆಪ್ಟೆಂಬರ್ 14

ನೋಟೀಸು ಹೋಯಿತು. ಗಲ್ಫಿನ ಮಗ ಓಣಂ ರಜೆಗೆ ಬಂದ, ನೇರ ನಮ್ಮ ಮನೆಗೆ ಬಂದು ಕೂತ. ಮುಖ ಎತ್ತಲಿಲ್ಲ. 26 ಅಂತ ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲವಂತೆ. ನಂಬಿದ್ದೇನೆ, ಅರ್ಧ. ವಾಟ್ಸಾಪಿನ ಉತ್ತರ ಯಾಕೆ ಕೊಡಲಿಲ್ಲ ಅಂತ ಕೇಳಿದ್ದಕ್ಕೆ “ನಾಚಿಕೆ ಆಯಿತು ಅಂಕಲ್” ಅಂದ. ಮಧ್ಯವರ್ತಿಯ ಕರಾರು ಮುರಿದಿದ್ದಾನೆ. ಎಂಟು ಜನರಿಗೆ ನೇರ ಬಾಡಿಗೆ, ಮುರ್ಷಿದಾಬಾದಿನವನು ಅದರಲ್ಲಿ ಒಬ್ಬ. ಹಳೇ ಟ್ಯಾಂಕ್ ಖಾಲಿ ಮಾಡಿಸಿ ಮುಚ್ಚಿ, ಹೊಸದನ್ನು ಮನೆಯ ಆಚೆ ಬದಿಗೆ ಕಟ್ಟಿಸಿದ, 11 ಮೀಟರ್ ದೂರ. ಶೀಟಿನ ಕೋಣೆ ಹೋಯಿತು. ನಾನು ಎರಡನೇ ಸಲ ನೀರು ಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಕ್ಯಾನ್ ನೀರು ಹಾಗೇ ನಡೆಯುತ್ತಿದೆ.

ಉಳಿದ 18 ಜನರನ್ನು ಮಧ್ಯವರ್ತಿ ಅದೇ ರಾತ್ರಿ ವ್ಯಾನಿಗೆ ಹತ್ತಿಸಿಕೊಂಡು ಹೋದ. ಎಲ್ಲಿಗೆ ಅಂತ ಹೇಳಲಿಲ್ಲ.

ನಾಲ್ಕು ಬಾಡಿಗೆ ಮನೆ, ಸೆಪ್ಟೆಂಬರ್ 14

ಎಂಟು. ನಾನು ಹೇಳಿದ ಲೆಕ್ಕವೇ.

ಕಡಕ್ ಚಾಯ, ಸೆಪ್ಟೆಂಬರ್ 16

ಬಿಳಿ ವ್ಯಾನಾ? ಹಿಂದಿನ ಗಾಜಿಗೆ ರಟ್ಟು ಹಾಕಿದ್ದು? ನಮ್ಮ ಮನೆಯ ಹಿಂದೆ ಒಂದು ಹಳೇ ಹಂಚಿನ ಮನೆ ಖಾಲಿ ಇತ್ತು. ನಿನ್ನೆ ರಾತ್ರಿಯಿಂದ ಅಲ್ಲಿ ಲೈಟು. ಬೆಳಿಗ್ಗೆ ಎಣಿಸಿದೆ, ಹದಿನೇಳೋ ಹದಿನೆಂಟೋ. ಕಕ್ಕಸು ಹೊರಗಡೆ ಒಂದು. ನಮ್ಮ ಬಾವಿ ಅದರ ಕೆಳಗೆ. ಈಗ ಎಂತ ಮಾಡುವುದು?

ಬಾವಿಕಟ್ಟೆ, ಸೆಪ್ಟೆಂಬರ್ 16

ಅದೇ ವ್ಯಾನು. ಮಳೆ ಜೋರಾಗುವ ಮೊದಲು ಬಾವಿಯ ನೀರು ಒಂದು ಸಲ ಲ್ಯಾಬಿಗೆ ಕೊಡಿ, ಆಮೇಲೆ ತೋರಿಸಲು ಬೇಕಾಗುತ್ತದೆ. ರಾತ್ರಿ ಯಾರನ್ನೂ ಕರಕೊಂಡು ಹೋಗಬೇಡಿ. ಟೇಪು ನನ್ನ ಹತ್ತಿರ ಉಂಟು, 30 ಮೀಟರಿನದ್ದು. ಭಾನುವಾರ ಬೆಳಿಗ್ಗೆ ಬರುತ್ತೇನೆ. ಮುರ್ಷಿದಾಬಾದಿನವನೂ ಬರುತ್ತಾನಂತೆ, ಆ ಹದಿನೆಂಟರಲ್ಲಿ ಅವನ ತಮ್ಮ ಇದ್ದಾನೆ.